ಹಳೆಯ ಡೀಸೆಲ್ ಬಸ್ಸಿನ ಬ್ರೀದರ್: ತೆರೆದಿರಬೇಕೆ, ಫಿಲ್ಟರ್ ಬೇಕೆ, ಮುಚ್ಚಬೇಕೆ?

ಮೈಸೂರು, ಮಂಡ್ಯ ಜಿಲ್ಲೆಗಳಲ್ಲಿ ಹತ್ತು ಹದಿನೈದು ವರ್ಷ ದುಡಿದ ಬಸ್ಸುಗಳು ಇಂದಿಗೂ ದಿನನಿತ್ಯ ರಸ್ತೆಗಿಳಿಯುತ್ತವೆ. ಶಾಲಾ ಮಕ್ಕಳನ್ನು ಕರೆದೊಯ್ಯುವ ಬಸ್ಸುಗಳು, ಹೆಬ್ಬಾಳ, ನಂಜನಗೂಡು, ತೂಬಿನಕೆರೆ ಕೈಗಾರಿಕಾ ಪ್ರದೇಶಗಳಿಗೆ ಶಿಫ್ಟಿನ ಕೆಲಸಗಾರರನ್ನು ಬಿಟ್ಟುಬರುವ ಗುತ್ತಿಗೆ ಬಸ್ಸುಗಳು, ಹಳ್ಳಿಯ ಮಾರ್ಗಗಳಲ್ಲಿ ಓಡುವ ಖಾಸಗಿ ಬಸ್ಸುಗಳು ಇವುಗಳಲ್ಲಿ ಸೇರಿವೆ. ಇವುಗಳಲ್ಲಿ ಕಾಣಸಿಗುವ ಹಳೆಯ ಇಂಜಿನ್ನುಗಳೆಂದರೆ ಬೆಂಜ್ ಮೂಲದ 5,675 ಸಿಸಿಯ ಟಾಟಾ 697, 5,883 ಸಿಸಿಯ ಕಮಿನ್ಸ್ 6ಬಿಟಿ, ಮತ್ತು ಅಶೋಕ್ ಲೇಲ್ಯಾಂಡಿನ ಹಿನೋ ಮೂಲದ ಆರು ಸಿಲಿಂಡರಿನ ಇಂಜಿನ್ನುಗಳು. ಮಾಲೀಕರು ಟೈರು, ಕ್ಲಚ್ ಪ್ಲೇಟು, ಬ್ರೇಕ್ ಲೈನರುಗಳ ವಿಷಯದಲ್ಲಿ ತೋರುವ ಆಸ್ಥೆಯ ಕಾಲುಭಾಗವನ್ನೂ ಇವುಗಳ ಬ್ರೀದರಿನ ಬಗ್ಗೆ, ಅಂದರೆ ಇಂಜಿನ್ನಿನೊಳಗೆ ಕೂಡುವ ಹೊಗೆಯನ್ನು ಹೊರಬಿಡುವ ಪೈಪಿನ ಬಗ್ಗೆ, ತೋರುವುದಿಲ್ಲ. ಎಣ್ಣೆ ಸೋರಿಕೆ ಹೆಚ್ಚಿದಾಗ ಅಥವಾ ಡ್ರೈವರ್ ಸೀಟಿನ ಬಳಿ ಹೊಗೆಯ ವಾಸನೆ ತಡೆಯಲಾರದಷ್ಟಾದಾಗ ಮಾತ್ರ ಆ ಪೈಪಿನ ನೆನಪಾಗುತ್ತದೆ. ಆಗ ಗ್ಯಾರೇಜಿನಲ್ಲಿ ಮೂರು ಸಲಹೆಗಳು ಬರುತ್ತವೆ. ಇದ್ದದ್ದನ್ನೇ ತೊಳೆದು ಹಾಕಿ ಎನ್ನುವುದು ಒಂದು, ಪೈಪಿನ ತುದಿಗೆ ಫಿಲ್ಟರ್ ಅಥವಾ ಎಣ್ಣೆ ಹಿಡಿಯುವ ಡಬ್ಬಿ ಕೂರಿಸಿ ಎನ್ನುವುದು ಇನ್ನೊಂದು, ಪೈಪನ್ನು ಏರ್ ಫಿಲ್ಟರಿನ ಕಡೆಗೆ ತಿರುಗಿಸಿ ಪೂರ್ತಿ ಮುಚ್ಚಿಬಿಡಿ ಎನ್ನುವುದು ಮೂರನೆಯದು. ಮೂರರಲ್ಲಿ ಯಾವುದನ್ನು ಆರಿಸಬೇಕೆಂಬುದು ಮಾಲೀಕರ ಇಷ್ಟಕ್ಕೆ ಬಿಟ್ಟ ವಿಷಯವಲ್ಲ. ಇಂಜಿನ್ ಈಗ ಯಾವ ಸ್ಥಿತಿಯಲ್ಲಿದೆ, ಅದು ಬಸ್ಸಿನಲ್ಲಿ ಎಲ್ಲಿ ಕುಳಿತಿದೆ, ಮುಂದೆ ಅದನ್ನು ಯಾರು ನೋಡಿಕೊಳ್ಳುತ್ತಾರೆ ಎಂಬ ಮೂರು ಪ್ರಶ್ನೆಗಳೇ ಅದನ್ನು ನಿರ್ಧರಿಸಬೇಕು.

ಬ್ರೀದರ್ ಏಕೆ ಬೇಕು

ಪಿಸ್ಟನ್ ರಿಂಗುಗಳು ಎಷ್ಟೇ ಹೊಸದಾಗಿರಲಿ, ಸಿಲಿಂಡರಿನೊಳಗಿನ ಅನಿಲದ ಸ್ವಲ್ಪ ಪಾಲು ಅವುಗಳ ಸಂದಿಯಿಂದ ಜಾರಿ, ಕ್ರ್ಯಾಂಕ್ ತಿರುಗುವ ಮತ್ತು ಎಣ್ಣೆ ನಿಲ್ಲುವ ಕೆಳಭಾಗವಾದ ಕ್ರ್ಯಾಂಕ್‌ಕೇಸಿಗೆ ಇಳಿಯುತ್ತದೆ. ಪುಸ್ತಕಗಳು ಬ್ಲೋ-ಬೈ ಎಂದು ಕರೆಯುವ ಇದನ್ನು ನಮ್ಮ ಮೆಕ್ಯಾನಿಕ್‌ಗಳು ಬ್ಯಾಕ್ ಕಂಪ್ರೆಷನ್ ಎನ್ನುತ್ತಾರೆ. ಅದರಲ್ಲಿ ಸುಟ್ಟ ಅನಿಲ, ನೀರಿನ ಆವಿ, ಮಸಿ, ಅರೆಸುಟ್ಟ ಡೀಸೆಲ್ ಮತ್ತು ಕ್ರ್ಯಾಂಕ್ ಚಿಮ್ಮಿಸಿದ ಎಣ್ಣೆಯ ಸೂಕ್ಷ್ಮ ಹನಿಗಳು ಬೆರೆತಿರುತ್ತವೆ. ಇದು ಹೊರಹೋಗಲು ದಾರಿ ಇಲ್ಲದಿದ್ದರೆ ಚೇಂಬರಿನೊಳಗೆ, ಅಂದರೆ ಆ ಕ್ರ್ಯಾಂಕ್‌ಕೇಸಿನೊಳಗೆ, ಒತ್ತಡ ಏರುತ್ತದೆ, ಮತ್ತು ಆ ಒತ್ತಡ ಎಲ್ಲಿ ದುರ್ಬಲ ಜಾಗ ಸಿಗುತ್ತದೋ ಅಲ್ಲಿಂದ ಎಣ್ಣೆಯನ್ನು ಹೊರದಬ್ಬುತ್ತದೆ. ಟ್ಯಾಪೆಟ್ ಕವರಿನ ಪ್ಯಾಕಿಂಗ್, ಚೇಂಬರ್ ಪ್ಯಾಕಿಂಗ್, ಡಿಪ್‌ಸ್ಟಿಕ್ಕಿನ ಬಾಯಿ, ಎಲ್ಲಕ್ಕಿಂತ ದುಬಾರಿಯಾದ ಹಿಂದಿನ ಕ್ರ್ಯಾಂಕ್ ಸೀಲ್ ಹೀಗೆ ಸೋರತೊಡಗುತ್ತವೆ. ಗೇರ್‌ಬಾಕ್ಸ್ ಇಳಿಸಿ ಹೊಸ ಸೀಲ್ ಹಾಕಿಸಿದ ಮೇಲೂ ಕೆಲವೇ ತಿಂಗಳಲ್ಲಿ ಕ್ಲಚ್ ಹೌಸಿಂಗಿನಿಂದ ಮತ್ತೆ ಎಣ್ಣೆ ತೊಟ್ಟಿಕ್ಕಿದರೆ, ಸೀಲನ್ನು ದೂರುವ ಮೊದಲು ಬ್ರೀದರನ್ನು ಬಿಚ್ಚಿ ನೋಡುವುದು ನ್ಯಾಯ.

ಟರ್ಬೊ, ಅಂದರೆ ಸಿಲಿಂಡರಿಗೆ ಗಾಳಿಯನ್ನು ಒತ್ತಿ ತುಂಬುವ ಚಕ್ರ, ಇರುವ ಇಂಜಿನ್ನಿನಲ್ಲಿ ಹಾನಿ ಇನ್ನೊಂದು ರೂಪ ಪಡೆಯುತ್ತದೆ. ಟರ್ಬೊವಿನ ಬೇರಿಂಗಿಗೆ ಹೋದ ಎಣ್ಣೆ ಕೇವಲ ತನ್ನ ಭಾರದಿಂದ ಚೇಂಬರಿಗೆ ಮರಳಬೇಕು. ಚೇಂಬರಿನಲ್ಲೇ ಒತ್ತಡವಿದ್ದರೆ ಆ ಎಣ್ಣೆ ಇಳಿಯದೆ ನಿಂತು, ಟರ್ಬೊವಿನ ಸೀಲುಗಳನ್ನು ದಾಟಿ, ಗಾಳಿಯ ಕಡೆಗೋ ಸೈಲೆನ್ಸರಿನ ಕಡೆಗೋ ಹೋಗುತ್ತದೆ. ಹೊರಗಿನಿಂದ ಕಾಣುವುದು ನೀಲಿ ಹೊಗೆ ಮಾತ್ರ. ಬ್ರೀದರಿನೊಳಗಿನ ಅಂಗೈಯಗಲದ ಜಾಲರಿ ಕಟ್ಟಿಕೊಂಡ ಕಾರಣಕ್ಕೆ ಒಳ್ಳೆಯ ಟರ್ಬೊ ಬದಲಾಗುವುದು ನಮ್ಮ ಗ್ಯಾರೇಜುಗಳಲ್ಲಿ ತಪ್ಪಿಸಬಹುದಾದ ದೊಡ್ಡ ನಷ್ಟಗಳಲ್ಲಿ ಒಂದು ಎಂಬುದು ನನ್ನ ಖಚಿತ ಅಭಿಪ್ರಾಯ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಪೆಟ್ರೋಲ್ ಕಾರಿನಲ್ಲಿ ಇದೇ ಹೊಗೆಯನ್ನು ಇಂಜಿನ್ನಿಗೆ ಮರಳಿಸುವ ಪಿಸಿವಿ ವಾಲ್ವನ್ನು ತಂದು ಹಳೆಯ ಡೀಸೆಲ್ ಇಂಜಿನ್ನಿಗೆ ಕೂರಿಸುವ ಪ್ರಯೋಗ ಮಾಡಬಾರದು. ಪೆಟ್ರೋಲ್ ಇಂಜಿನ್ನಿನಲ್ಲಿ ಗಾಳಿಯ ದಾರಿಯ ಬಾಗಿಲಾದ ಥ್ರಾಟಲ್ ಮುಚ್ಚಿದಾಗ ಮ್ಯಾನಿಫೋಲ್ಡಿನಲ್ಲಿ (ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆಯಲ್ಲಿ) ಬಲವಾದ ಎಳೆತ ಹುಟ್ಟುತ್ತದೆ, ಮತ್ತು ಆ ವಾಲ್ವು ಕೆಲಸ ಮಾಡುವುದು ಆ ಎಳೆತವನ್ನು ನಂಬಿಕೊಂಡು. ಈ ಹಳೆಯ ಡೀಸೆಲ್ ಇಂಜಿನ್ನುಗಳಲ್ಲಿ ಥ್ರಾಟಲ್ ಇರುವುದಿಲ್ಲವಾದ್ದರಿಂದ ಆ ಎಳೆತವೂ ಇರುವುದಿಲ್ಲ.

ಆರಿಸುವ ಮೊದಲು ಅಳತೆ

ಯಾವ ವ್ಯವಸ್ಥೆ ಎಂದು ತೀರ್ಮಾನಿಸುವ ಮೊದಲು ಬ್ಯಾಕ್ ಕಂಪ್ರೆಷನ್ ಎಷ್ಟಿದೆ ಎಂದು ತಿಳಿಯಲೇಬೇಕು. ಎಣ್ಣೆ ಹಾಕುವ ಮುಚ್ಚಳವನ್ನು ಬೋರಲಾಗಿಟ್ಟು ಅದು ಕುಣಿಯುತ್ತದೆಯೇ ಎಂದು ನೋಡುವುದು ಎಲ್ಲರಿಗೂ ಗೊತ್ತಿರುವ ವಿಧಾನ. ಮುಚ್ಚಳ ಹಾರಿಬಿದ್ದರೆ ಇಂಜಿನ್ ಸವೆದಿದೆ ಎನ್ನಬಹುದು, ಆದರೆ ಹಾರದಿದ್ದರೆ ಎಲ್ಲವೂ ಸರಿ ಎನ್ನಲಾಗದು, ಏಕೆಂದರೆ ಐಡ್ಲಿಂಗಿನಲ್ಲಿ ನಿಂತ ಇಂಜಿನ್ ತನ್ನ ನಿಜಸ್ಥಿತಿಯನ್ನು ಹೇಳುವುದಿಲ್ಲ. ಭಾರ ಬಿದ್ದಾಗಲೇ ಸಿಲಿಂಡರಿನ ಒತ್ತಡ ಏರಿ ರಿಂಗುಗಳ ಪರೀಕ್ಷೆಯಾಗುತ್ತದೆ.

ಸರಿಯಾದ ಅಳತೆಗೆ ದುಬಾರಿ ಮೀಟರ್ ಬೇಕಿಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಪಾರದರ್ಶಕ ಪ್ಲಾಸ್ಟಿಕ್ ಟ್ಯೂಬನ್ನು ಒಂದು ಮರದ ಪಟ್ಟಿಯ ಮೇಲೆ ಕೆಳಗೆ ಬಾಗಿದ ಕೊಂಡಿಯಂತೆ ಬಿಗಿದು, ಅರ್ಧ ನೀರು ತುಂಬಿ, ಪಕ್ಕದಲ್ಲಿ ಇಂಚಿನ ಅಳತೆಪಟ್ಟಿ ಕಟ್ಟಿದರೆ ಅದೇ ಮ್ಯಾನೋಮೀಟರ್. ಒಂದು ತುದಿಯನ್ನು ಗಾಳಿಗೆ ತೆರೆದಿಟ್ಟು, ಇನ್ನೊಂದು ತುದಿಯನ್ನು ಹಳೆಯ ಎಣ್ಣೆ ಮುಚ್ಚಳಕ್ಕೆ ತೂತು ಕೊರೆದು ಕೂರಿಸಿದ ನಿಪ್ಪಲ್ಲಿಗೆ ಸೇರಿಸಬೇಕು. ಡಿಪ್‌ಸ್ಟಿಕ್ ಕೊಳವೆಗೆ ಸೇರಿಸುವುದು ಸುಲಭವೆಂದು ತೋರಿದರೂ, ಕೆಲವು ಇಂಜಿನ್ನುಗಳಲ್ಲಿ ಆ ಕೊಳವೆಯ ಕೆಳತುದಿ ಎಣ್ಣೆಯಲ್ಲೇ ಮುಳುಗಿರುವುದರಿಂದ ತಪ್ಪು ಅಳತೆ ಬರುತ್ತದೆ. ಎರಡೂ ಕಡೆಯ ನೀರಿನ ಮಟ್ಟಗಳ ನಡುವಿನ ಒಟ್ಟು ಅಂತರವೇ ಒತ್ತಡ. ನಾಲ್ಕು ಇಂಚಿನ ಅಂತರವೆಂದರೆ ಸುಮಾರು 1 ಕಿಲೋಪಾಸ್ಕಲ್. ಟ್ಯೂಬು ಉದ್ದವಾಗಿದ್ದು ಎತ್ತರದಲ್ಲಿ ಒಂದು ಸುತ್ತು ಹಾಕಿದ್ದರೆ ನೀರು ಇಂಜಿನ್ನಿನೊಳಕ್ಕೆ ಹೋಗುವ ಭಯವಿರುವುದಿಲ್ಲ.

ಇಂಜಿನ್ ಪೂರ್ತಿ ಕಾದ ಮೇಲೆ, ಟ್ಯೂಬನ್ನು ಕ್ಯಾಬಿನ್ನಿನೊಳಕ್ಕೆ ತಂದು, ಡ್ರೈವರ್ ಅಲ್ಲದ ಇನ್ನೊಬ್ಬರು ಅದನ್ನು ನೋಡುತ್ತಾ, ಬಸ್ಸನ್ನು ಭಾರದೊಂದಿಗೆ ಏರಿನಲ್ಲಿ ಓಡಿಸಬೇಕು. ಮೈಸೂರಿನವರಿಗೆ ಚಾಮುಂಡಿ ಬೆಟ್ಟದ ರಸ್ತೆಯೂ ಮಂಡ್ಯದವರಿಗೆ ಮೇಲುಕೋಟೆಯ ಏರೂ ಇದಕ್ಕೆ ಒಳ್ಳೆಯ ಜಾಗಗಳು. ಮೊದಲು ಬ್ರೀದರ್ ಇದ್ದಂತೆಯೇ ಇಟ್ಟು ಒಂದು ಓಟ, ನಂತರ ಬ್ರೀದರಿನ ಒಳಜಾಲರಿಯನ್ನೂ ಪೈಪನ್ನೂ ತೆಗೆದು ಅದೇ ಏರಿನಲ್ಲಿ ಅದೇ ಗೇರಿನಲ್ಲಿ ಇನ್ನೊಂದು ಓಟ. ಎರಡನೆಯ ಓಟದಲ್ಲಿ ಒತ್ತಡ ಥಟ್ಟನೆ ಇಳಿದು, ತೆರೆದ ಬಾಯಿಯಿಂದ ಬರುವ ಹೊಗೆ ಸಾಧಾರಣವಾಗಿಯೇ ಇದ್ದರೆ ದೋಷ ಬ್ರೀದರಿನದು, ಇಂಜಿನ್ನಿನದಲ್ಲ. ತೆರೆದ ಬಾಯಿಯಿಂದ ಹಬೆಯೆಂಜಿನ್ನಿನಂತೆ ಹೊಗೆ ರಭಸವಾಗಿ ನುಗ್ಗುತ್ತಿದ್ದರೆ ದೋಷ ಒಳಗಿದೆ, ಯಾವ ಫಿಲ್ಟರೂ ಅದನ್ನು ವಾಸಿಮಾಡದು. ಎಷ್ಟು ಇಂಚಿನವರೆಗೆ ಸರಿ ಎಂಬುದು ಇಂಜಿನ್ನಿನಿಂದ ಇಂಜಿನ್ನಿಗೆ ಬದಲಾಗುತ್ತದೆ. ತಯಾರಕರ ಸರ್ವಿಸ್ ಮ್ಯಾನ್ಯುಯಲ್ಲಿನ ಮಿತಿಯನ್ನೇ ನಂಬಬೇಕು, ಮತ್ತು ಆ ಮಿತಿಯನ್ನು ನಿರ್ದಿಷ್ಟ ಗಾತ್ರದ ತೂತಿನ ಬಿರಡೆ ಬಳಸಿ ಹೇಳಿದ್ದರೆ ಅದೇ ಗಾತ್ರದ ಬಿರಡೆಯಿಂದಲೇ ಅಳೆಯಬೇಕು. ಒಂದೇ ಒಂದು ಅಳತೆಗಿಂತ, ಪ್ರತಿ ಎಣ್ಣೆ ಬದಲಾವಣೆಗೂ ಬರೆದಿಟ್ಟ ಅಳತೆಗಳು ಹೇಗೆ ಏರುತ್ತಿವೆ ಎಂಬುದು ಹೆಚ್ಚು ಬೆಲೆಯುಳ್ಳ ಮಾಹಿತಿ.

ಇಂಜಿನ್ ಇಳಿಸಲು ನಿರ್ಧರಿಸುವ ಮೊದಲು ಇನ್ನೂ ಎರಡು ಅನುಮಾನಗಳನ್ನು ಪರಿಹರಿಸಿಕೊಳ್ಳಬೇಕು. ಏರ್ ಬ್ರೇಕಿನ ಕಂಪ್ರೆಸರಿನ ರಿಂಗುಗಳು ಸವೆದಿದ್ದರೆ ಅದರ ಗಾಳಿಯೂ ಎಣ್ಣೆ ಮರಳುವ ದಾರಿಯಲ್ಲಿ ಚೇಂಬರಿಗೇ ಬರುತ್ತದೆ, ಮತ್ತು ಅದನ್ನು ಇಂಜಿನ್ನಿನ ಬ್ಯಾಕ್ ಕಂಪ್ರೆಷನ್ ಎಂದೇ ಎಲ್ಲರೂ ಭಾವಿಸುತ್ತಾರೆ. ಪರೀಕ್ಷೆ ಸುಲಭ. ಬಸ್ಸನ್ನು ನಿಲ್ಲಿಸಿ, ಇಂಜಿನ್ನಿನ ವೇಗವನ್ನು ಒಂದೇ ಸಮನಾಗಿಟ್ಟು, ಬ್ರೇಕ್ ಒತ್ತಿ ಒತ್ತಿ ಗಾಳಿಯನ್ನು ಇಳಿಸಿ, ಟ್ಯಾಂಕ್ ಮತ್ತೆ ತುಂಬುವಾಗ ಮ್ಯಾನೋಮೀಟರಿನ ಅಳತೆ ಗಮನಿಸಬೇಕು. ಟ್ಯಾಂಕ್ ತುಂಬಿ ಅನ್‌ಲೋಡರ್ ಟುಸ್ಸೆಂದು ಗಾಳಿ ಬಿಟ್ಟ ಕ್ಷಣದಲ್ಲಿ ನೀರಿನ ಅಂತರ ಸ್ಪಷ್ಟವಾಗಿ ಕುಗ್ಗಿದರೆ ಕಂಪ್ರೆಸರನ್ನು ಬಿಚ್ಚಿ ನೋಡಬೇಕು. ಎರಡನೆಯ ಅನುಮಾನ ಟರ್ಬೊವಿನದು. ಅದರ ಶಾಫ್ಟಿನ ಸೀಲ್ ಹಾಳಾದರೆ ಒತ್ತಿದ ಗಾಳಿಯೂ ಸೈಲೆನ್ಸರಿನ ಅನಿಲವೂ ಎಣ್ಣೆಯ ಮರಳುಪೈಪಿನಲ್ಲಿ ಕೆಳಗಿಳಿಯುತ್ತವೆ. ಇಂಜಿನ್ ಇಳಿಸಿ ಪಿಸ್ಟನ್, ಲೈನರ್ ಬದಲಿಸುವ ಹಾಫ್ ಇಂಜಿನ್ ಕೆಲಸಕ್ಕೆ ಹೋಲಿಸಿದರೆ ಈ ಎರಡೂ ರಿಪೇರಿಗಳ ಖರ್ಚು ತೀರಾ ಕಡಿಮೆ.

ಮೊದಲ ದಾರಿ: ತೆರೆದ ಬ್ರೀದರನ್ನೇ ಕಾಪಾಡಿಕೊಳ್ಳುವುದು

ಹಳೆಯ ಇಂಜಿನ್ನುಗಳ ಮೂಲ ವ್ಯವಸ್ಥೆ ಇದೇ. ಜಾಲರಿ ತುಂಬಿದ ಒಂದು ಡಬ್ಬಿ, ಅದರಿಂದ ಇಂಜಿನ್ನಿನ ಪಕ್ಕದಲ್ಲಿ ನೆಲದ ಕಡೆಗೆ ಇಳಿಯುವ ಒಂದು ಪೈಪು. ಇದರ ದೊಡ್ಡ ಗುಣವೆಂದರೆ ಇದರಲ್ಲಿ ಕೆಡುವಂಥದ್ದು ಬಹಳ ಕಡಿಮೆ, ಮತ್ತು ಕೆಟ್ಟರೂ ಇಂಜಿನ್ನನ್ನು ಒಮ್ಮೆಗೇ ಬಲಿತೆಗೆದುಕೊಳ್ಳುವುದಿಲ್ಲ. ದೋಷಗಳೂ ಅಷ್ಟೇ ಸ್ಪಷ್ಟ. ಬ್ಯಾಕ್ ಕಂಪ್ರೆಷನ್ ಹೊಗೆಯಲ್ಲಿನ ಎಣ್ಣೆಹನಿಗಳು ಬಹುಪಾಲು ಒಂದು ಮೈಕ್ರಾನಿಗಿಂತ ಚಿಕ್ಕವು. ತಂತಿಯ ಜಾಲರಿ ದಪ್ಪ ಹನಿಗಳನ್ನು ಮಾತ್ರ ಹಿಡಿದು ಉಳಿದದ್ದನ್ನು ಹೊರಬಿಡುತ್ತದೆ. ಬಸ್ ನಿಲ್ದಾಣದ ಅಂಕಣಗಳಲ್ಲಿ, ಇಂಜಿನ್ ನಿಲ್ಲುವ ಜಾಗದಲ್ಲೇ, ನೆಲದ ಮೇಲೆ ಉದ್ದಕ್ಕೆ ಕಾಣುವ ಕಪ್ಪು ಪಟ್ಟಿಗೆ ಈ ಪೈಪಿನ ತೊಟ್ಟೂ ಒಂದು ಕಾರಣ.

ತೊಳೆಯುವ ಕೆಲಸವನ್ನು ಎಣ್ಣೆ ಬದಲಿಸುವ ಪ್ರತಿ ಸಲವೂ ಮಾಡುವುದು ಸರಿ. ಡಬ್ಬಿಯನ್ನು ಬಿಚ್ಚಿ ಜಾಲರಿಯನ್ನು ಸೀಮೆಎಣ್ಣೆ ಅಥವಾ ಡೀಸೆಲ್ಲಿನಲ್ಲಿ ಒಂದು ಗಂಟೆಯಾದರೂ ನೆನೆಸಿ, ಆಮೇಲೆ ಅದುಮಿ ಅದುಮಿ ತೊಳೆದರೆ ಮೊದಲು ಕಪ್ಪು ಮಡ್ಡಿಯೂ ನಂತರ ಸಣ್ಣ ಗಟ್ಟಿ ಹರಳುಗಳೂ ಹೊರಬರುತ್ತವೆ. ಹರಳು ಬರುವುದು ನಿಲ್ಲುವವರೆಗೂ ಬಿಡಬಾರದು. ಗಾಳಿ ಹೊಡೆಯುವಾಗ ಒಳಗಿನಿಂದ ಹೊರಕ್ಕೆ ಹೊಡೆಯಬೇಕು. ಪೈಪನ್ನು ಮರೆಯುವವರೇ ಹೆಚ್ಚು, ಆದರೆ ಪೈಪಿನ ಬಾಗಿನಲ್ಲಿ ಗಟ್ಟಿಯಾದ ಮಡ್ಡಿ ಒಳಗಾತ್ರವನ್ನು ಅರ್ಧಕ್ಕಿಳಿಸಿದ್ದರೆ ಜಾಲರಿ ಎಷ್ಟು ಶುಭ್ರವಾಗಿದ್ದರೂ ಫಲವಿಲ್ಲ. ಜಾಲರಿ ತುಕ್ಕು ಹಿಡಿದು ಪುಡಿಯಾಗುತ್ತಿದ್ದರೆ ಹೊಸದನ್ನೇ ಹಾಕಬೇಕು. ಅದರ ಬದಲು ಬಟ್ಟೆ, ಸ್ಪಂಜು, ಪಾತ್ರೆ ತಿಕ್ಕುವ ಉಕ್ಕಿನ ನಾರು ತುರುಕುವುದನ್ನು ನಾನು ಸಂಪೂರ್ಣವಾಗಿ ವಿರೋಧಿಸುತ್ತೇನೆ. ಬಟ್ಟೆ ದಾರಿ ಮುಚ್ಚುತ್ತದೆ, ಉಕ್ಕಿನ ನಾರಿನ ತುಂಡುಗಳು ಕಳಚಿ ಚೇಂಬರಿಗೆ ಬೀಳುತ್ತವೆ.

ನಾಲ್ಕಾರು ಕಿಲೋಮೀಟರು ಓಡಿ ನಿಂತುಬಿಡುವ ಶಾಲಾ ಬಸ್ಸುಗಳಿಗೆ ಇಷ್ಟು ಸಾಲದು. ಡಿಸೆಂಬರ್, ಜನವರಿಯ ಚಳಿಯ ಮುಂಜಾನೆ ಎಣ್ಣೆ ಕಾಯುವ ಮೊದಲೇ ಓಟ ಮುಗಿದಿರುತ್ತದೆ, ನೀರಿನ ಆವಿ ಜಾಲರಿಯಲ್ಲೇ ತಣಿದು ಎಣ್ಣೆಯೊಂದಿಗೆ ಕಲೆತು ಬಿಳಿಹಳದಿ ಬಣ್ಣದ ಮುದ್ದೆಯಾಗುತ್ತದೆ. ಇಂಥ ಬಸ್ಸಿನ ಜಾಲರಿಯನ್ನು ಎರಡು ಎಣ್ಣೆ ಬದಲಾವಣೆಗಳ ನಡುವೆ ಇನ್ನೊಮ್ಮೆ ತೆಗೆದು ನೋಡಬೇಕು, ಮತ್ತು ವಾರಕ್ಕೊಮ್ಮೆಯಾದರೂ ಇಂಜಿನ್ ಪೂರ್ತಿ ಕಾಯುವಷ್ಟು ದೂರ ಓಡಿಸಬೇಕು. ಆ ಮುದ್ದೆಯನ್ನು ಕಂಡೊಡನೆ ಹೆಡ್ ಗ್ಯಾಸ್ಕೆಟ್ ಹೋಗಿದೆ ಎಂದು ಗಾಬರಿಪಡುವ ಅಗತ್ಯವಿಲ್ಲ. ರೇಡಿಯೇಟರಿನ ನೀರು ಕಡಿಮೆಯಾಗುತ್ತಿಲ್ಲ, ಡಿಪ್‌ಸ್ಟಿಕ್ಕಿನ ಎಣ್ಣೆ ತಿಳಿಯಾಗಿದೆ ಎಂದಾದರೆ ಅದು ಬರಿಯ ತಣ್ಣನೆಯ ಓಟದ ಫಲ.

ಎರಡನೆಯ ದಾರಿ: ಫಿಲ್ಟರ್ ಇಟ್ಟು ಗಾಳಿಗೆ ಬಿಡುವುದು

ಈ ದಾರಿಯಲ್ಲಿ ಎರಡು ಬಗೆಯ ಸಾಮಾನುಗಳು ಸಿಗುತ್ತವೆ, ಅವೆರಡನ್ನೂ ಒಂದೇ ಎಂದು ತಿಳಿಯಬಾರದು. ಒಳಗೆ ತಡೆಗೋಡೆಗಳಿರುವ ಬರಿಯ ಎಣ್ಣೆ ಡಬ್ಬಿ ದಪ್ಪ ಹನಿಗಳನ್ನು ಹಿಡಿದು ತಳದಲ್ಲಿ ಕೂಡಿಡುತ್ತದೆ. ರಸ್ತೆಗೆ ತೊಟ್ಟಿಕ್ಕುವುದು ನಿಲ್ಲುತ್ತದೆ, ಹೊಗೆ ಮತ್ತು ವಾಸನೆ ಹೆಚ್ಚು ಕಡಿಮೆ ಹಾಗೆಯೇ ಉಳಿಯುತ್ತವೆ. ಕೋಲೆಸಿಂಗ್ ಫಿಲ್ಟರಿನಲ್ಲಿ ಅತಿ ಸಣ್ಣ ನಾರುಗಳ ದಪ್ಪ ಪದರವಿದ್ದು, ಸೂಕ್ಷ್ಮ ಹನಿಗಳು ಆ ನಾರುಗಳಿಗೆ ಅಂಟಿ, ಒಂದಕ್ಕೊಂದು ಕೂಡಿ ದೊಡ್ಡದಾಗಿ, ಕೆಳಗಿಳಿಯುತ್ತವೆ. ಬೆಲೆ ಹಲವು ಪಟ್ಟು ಹೆಚ್ಚು, ಆದರೆ ಕೆಲಸವೂ ನಿಜವಾದದ್ದು.

ಹಿಡಿದ ಎಣ್ಣೆ ಎಲ್ಲಿಗೆ ಹೋಗಬೇಕು ಎಂಬಲ್ಲಿ ಮತ್ತೊಂದು ಆಯ್ಕೆಯಿದೆ. ಅದನ್ನು ಚೇಂಬರಿಗೆ ಮರಳಿಸುವುದಾದರೆ ಮರಳುಪೈಪಿನಲ್ಲಿ ಒಂದೇ ದಿಕ್ಕಿಗೆ ಬಿಡುವ ಚೆಕ್ ವಾಲ್ವ್ ಇರಬೇಕು ಅಥವಾ ಪೈಪಿನ ತುದಿ ಎಣ್ಣೆಯ ಮಟ್ಟಕ್ಕಿಂತ ಕೆಳಗೆ ಸೇರಬೇಕು. ಇಲ್ಲದಿದ್ದರೆ ಹೊಗೆಯೇ ಆ ಪೈಪಿನಲ್ಲಿ ಮೇಲೇರಿ ಎಣ್ಣೆಯನ್ನು ಹಿಂದಕ್ಕೆ ದಬ್ಬುತ್ತದೆ. ಫಿಲ್ಟರನ್ನು ಸಾಕಷ್ಟು ಎತ್ತರದಲ್ಲಿಯೂ ಕೂರಿಸಬೇಕು. ಎಣ್ಣೆ ನೀರಿಗಿಂತ ಹಗುರವಾದ್ದರಿಂದ, ಫಿಲ್ಟರಿನ ಅಡ್ಡಿ 10 ಇಂಚು ನೀರಿನಷ್ಟಾದಾಗ ಎಣ್ಣೆ ತನ್ನ ಭಾರದಿಂದಲೇ ಇಳಿಯಬೇಕಾದರೆ ಸುಮಾರು 12 ಇಂಚಿನ ಎತ್ತರ ಬೇಕಾಗುತ್ತದೆ. ಇಂಜಿನ್ ಮುಂದಿರುವ ಬಸ್ಸುಗಳ ಬಾನೆಟ್ಟಿನೊಳಗೆ ಈ ಎತ್ತರ ಸಿಗುವುದೇ ಕಷ್ಟ. ಸಿಗದಿದ್ದರೆ ಎಣ್ಣೆಯನ್ನು ಬೇರೆ ಡಬ್ಬಿಗೆ ಇಳಿಸಿ, ಡಬ್ಬಿಯನ್ನು ವಾರಕ್ಕೊಮ್ಮೆ ಖಾಲಿ ಮಾಡುವುದೇ ಉತ್ತಮ. ಹೀಗೆ ಕೂಡಿದ ದ್ರವದಲ್ಲಿ ನೀರೂ ಆಮ್ಲವೂ ಇರುವುದರಿಂದ ಅದನ್ನು ಮತ್ತೆ ಇಂಜಿನ್ನಿಗೆ ಸುರಿಯಬಾರದು. ಚರಂಡಿಗೆ ಅಥವಾ ನಾಲೆಯ ಬದಿಗೆ ಚೆಲ್ಲುವುದಂತೂ ಕೂಡದು. ಬದಲಿಸಿದ ಹಳೆ ಎಣ್ಣೆಯ ಡ್ರಮ್ಮಿಗೇ ಸೇರಿಸಿ, ಪರವಾನಗಿ ಇರುವ ಮರುಬಳಕೆದಾರರಿಗೆ ಕೊಡಬೇಕು. ವಿಶ್ವೇಶ್ವರಯ್ಯ ನಾಲೆಯ ನೀರನ್ನು ನಂಬಿ ಗದ್ದೆ ಮಾಡುವ ಊರುಗಳಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ದಾರಿಯ ದೌರ್ಬಲ್ಯ ಮರೆವು. ಜಾಲರಿಗಿಂತ ಕೋಲೆಸಿಂಗ್ ಫಿಲ್ಟರ್ ಬೇಗ ಕಟ್ಟುತ್ತದೆ, ಅದನ್ನು ತೊಳೆದು ಮರುಬಳಸಲು ಬರುವುದಿಲ್ಲ. ಕಟ್ಟಿದ ಫಿಲ್ಟರ್ ಇರುವ ಇಂಜಿನ್ನು, ಫಿಲ್ಟರೇ ಇಲ್ಲದ ಇಂಜಿನ್ನಿಗಿಂತ ಕೆಟ್ಟ ಸ್ಥಿತಿಯಲ್ಲಿರುತ್ತದೆ. ಆದ್ದರಿಂದ ಒತ್ತಡ ಮೀರಿದಾಗ ತಾನಾಗಿ ತೆರೆಯುವ ಬೈಪಾಸ್ ವಾಲ್ವ್ ಇರುವ ಹೌಸಿಂಗನ್ನು ಬಿಟ್ಟು ಬೇರೆಯದನ್ನು ಕೊಳ್ಳಬಾರದು.

ಮೂರನೆಯ ದಾರಿ: ಮುಚ್ಚಿದ ವ್ಯವಸ್ಥೆ

ಮುಚ್ಚಿದ ವ್ಯವಸ್ಥೆಯಲ್ಲಿ ಹೊಗೆ ಫಿಲ್ಟರನ್ನು ದಾಟಿ, ಏರ್ ಫಿಲ್ಟರಿನ ನಂತರದ ಪೈಪಿಗೆ, ಟರ್ಬೊ ಇದ್ದರೆ ಅದರ ಮುಂಬದಿಗೆ ಸೇರಿ, ಮತ್ತೆ ಸಿಲಿಂಡರಿನಲ್ಲಿ ಸುಡುತ್ತದೆ. ಹೊರಗೆ ಏನೂ ಬರುವುದಿಲ್ಲ. ಅಮೆರಿಕದಲ್ಲಿ 2007ರ ಮಾದರಿಯಿಂದ ಭಾರಿ ಡೀಸೆಲ್ ಇಂಜಿನ್ನುಗಳ ಕ್ರ್ಯಾಂಕ್‌ಕೇಸ್ ಹೊಗೆಯನ್ನೂ ಹೊರಸೂಸುವಿಕೆಯ ಲೆಕ್ಕಕ್ಕೆ ಸೇರಿಸಲಾಯಿತು. ಅಲ್ಲಿನ ಶಾಲಾ ಬಸ್ಸುಗಳೊಳಗೆ ಗಾಳಿಯನ್ನು ಅಳೆದಾಗ, ಮಕ್ಕಳು ಉಸಿರಾಡುವ ಸೂಕ್ಷ್ಮ ಕಣಗಳಿಗೆ ಸೈಲೆನ್ಸರಿನಷ್ಟೇ ಅಲ್ಲದೆ ಇಂಜಿನ್ನಿನ ಬ್ರೀದರೂ ಮುಖ್ಯ ಮೂಲವೆಂದು ಕಂಡುಬಂದಿತ್ತು. ನಮ್ಮಲ್ಲಿ ಇಂಜಿನ್ ಬಹುಪಾಲು ಡ್ರೈವರಿನ ಪಕ್ಕದಲ್ಲೇ, ಬಾನೆಟ್ಟಿನ ಕೆಳಗೆ ಇರುತ್ತದೆ. ಬಾನೆಟ್ಟಿನ ಅಂಚಿನ ರಬ್ಬರ್ ಮತ್ತು ಗೇರ್ ಲಿವರಿನ ಬುಡದ ರಬ್ಬರ್ ಹರಿದಿದ್ದರೆ ಬ್ರೀದರಿನ ಹೊಗೆ ನೇರವಾಗಿ ಒಳಗೆ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲಿ ಡೀಸೆಲ್ ಹೊಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಗುಂಪಿಗೆ ಸೇರಿಸಿತು. ದಿನಕ್ಕೆ ಎಂಟು ಹತ್ತು ಗಂಟೆ ಆ ಸೀಟಿನಲ್ಲಿ ಕೂರುವ ಡ್ರೈವರಿನ ಶ್ವಾಸಕೋಶಕ್ಕೂ ಮಾಲೀಕರ ಲೆಕ್ಕಪುಸ್ತಕದಲ್ಲಿ ಜಾಗ ಇರಬೇಕೆಂಬುದು ನನ್ನ ಒತ್ತಾಯ. ವಾಯುಮಾಲಿನ್ಯ ತಪಾಸಣೆಯಲ್ಲಿ ಇದು ಸಿಕ್ಕಿಬೀಳುವುದಿಲ್ಲ, ಏಕೆಂದರೆ ಅಲ್ಲಿ ಅಳೆಯುವುದು ಸೈಲೆನ್ಸರಿನ ಹೊಗೆಯನ್ನು ಮಾತ್ರ.

ಇಷ್ಟೆಲ್ಲ ಇದ್ದರೂ ಹಳೆಯ ಇಂಜಿನ್ನಿಗೆ ಈ ವ್ಯವಸ್ಥೆಯನ್ನು ಕೂರಿಸುವಾಗ ಎರಡು ಭಾಗಗಳನ್ನು ಬಿಟ್ಟುಬಿಡುವಂತಿಲ್ಲ. ಒಂದು ಕೋಲೆಸಿಂಗ್ ಫಿಲ್ಟರ್, ಇನ್ನೊಂದು ಒತ್ತಡ ನಿಯಂತ್ರಿಸುವ ರೆಗ್ಯುಲೇಟರ್. ಬ್ರೀದರಿಗೂ ಏರ್ ಪೈಪಿಗೂ ನಡುವೆ ಬರಿಯ ಒಂದು ಹೋಸ್ ಎಳೆದು ಮುಗಿಸುವುದನ್ನು ಎಷ್ಟೋ ಬಸ್ಸುಗಳಲ್ಲಿ ಕಾಣುತ್ತೇವೆ. ಟರ್ಬೊ ಇಂಜಿನ್ನುಗಳಲ್ಲಿ ಏರ್ ಫಿಲ್ಟರ್ ಬದಲಿಸಬೇಕೆಂದು ಸೂಚಿಸುವ ಎಳೆತದ ಮಿತಿ ಸಾಮಾನ್ಯವಾಗಿ 25 ಇಂಚು ನೀರಿನ ಆಸುಪಾಸಿನಲ್ಲಿರುತ್ತದೆ. ಕಬ್ಬು ಕಡಿಯುವ ಕಾಲದಲ್ಲಿ ಪಾಂಡವಪುರ, ಮದ್ದೂರಿನ ಹಳ್ಳಿ ರಸ್ತೆಗಳ ಧೂಳು ಮತ್ತು ಒಣ ತರಗಿನ ಪುಡಿಯಿಂದ ಏರ್ ಫಿಲ್ಟರ್ ಆ ಮಿತಿಯನ್ನು ಬೇಗನೆ ಮುಟ್ಟುತ್ತದೆ. ರೆಗ್ಯುಲೇಟರ್ ಇಲ್ಲದಿದ್ದರೆ ಅಷ್ಟೂ ಎಳೆತ ಕ್ರ್ಯಾಂಕ್‌ಕೇಸಿನ ಮೇಲೆ ಬೀಳುತ್ತದೆ. ಒಳಗಿನಿಂದ ಹೊರಕ್ಕೆ ಎಣ್ಣೆ ತಡೆಯಲೆಂದು ಮಾಡಿದ ಸೀಲುಗಳ ಸಂದಿಯಿಂದ ಹೊರಗಿನ ಧೂಳು ಒಳಕ್ಕೆ ಬರುತ್ತದೆ, ಬೇರಿಂಗುಗಳು ಸವೆಯುತ್ತವೆ.

ಫಿಲ್ಟರ್ ಇಲ್ಲದಿದ್ದರೆ ಎಣ್ಣೆಯ ಮಂಜು ಟರ್ಬೊವಿನ ಚಕ್ರದ ಮೇಲೆ ಕೂತು ಕಾದು ಗಟ್ಟಿಯಾಗುತ್ತದೆ, ಇಂಟರ್‌ಕೂಲರಿನ ಒಳಗೋಡೆಗಳನ್ನು ಸವರಿ ಗಾಳಿ ತಂಪಾಗದಂತೆ ಮಾಡುತ್ತದೆ, ರಬ್ಬರ್ ಹೋಸುಗಳನ್ನು ಮೆತ್ತಗಾಗಿಸುತ್ತದೆ. ಟರ್ಬೊ ಇಲ್ಲದ 697ರಂಥ ಇಂಜಿನ್ನಿನಲ್ಲಿ ಈ ತೊಂದರೆಗಳು ಕಡಿಮೆ, ಅದಕ್ಕೆ ಈ ವ್ಯವಸ್ಥೆ ಕೂರಿಸುವುದೂ ಹೆಚ್ಚು ಸುಲಭ.

ಎಲ್ಲಕ್ಕಿಂತ ಗಂಭೀರವಾದದ್ದು ಇಂಜಿನ್ ತಾನಾಗಿ ಓಡಿಬಿಡುವ ಅಪಾಯ. ಎಣ್ಣೆಯ ಮಟ್ಟ ಹೆಚ್ಚಾಗಿದ್ದರೆ, ಅಥವಾ ಫೀಡ್ ಪಂಪಿನಿಂದ ಡೀಸೆಲ್ ಸೋರಿ ಚೇಂಬರಿಗೆ ಸೇರುತ್ತಿದ್ದರೆ, ಅಥವಾ ಬ್ಯಾಕ್ ಕಂಪ್ರೆಷನ್ ಮಿತಿಮೀರಿದ್ದರೆ, ಎಣ್ಣೆ ಧಾರಾಳವಾಗಿ ಏರ್ ಪೈಪಿಗೆ ಹೋಗಿ ಅದೇ ಇಂಧನವಾಗಿಬಿಡುತ್ತದೆ. ಆಗ ಸ್ಟಾಪ್ ಕೇಬಲ್ ಎಳೆದರೂ ಇಂಜಿನ್ ನಿಲ್ಲುವುದಿಲ್ಲ, ಏಕೆಂದರೆ ಆ ಕೇಬಲ್ ಪಂಪಿನ ಡೀಸೆಲ್ಲನ್ನು ಮಾತ್ರ ತಡೆಯುತ್ತದೆ. ಹಾಗಾದರೆ ಕ್ಲಚ್ ಒತ್ತಿ ಟಾಪ್ ಗೇರಿಗೆ ಹಾಕಿ, ಬ್ರೇಕನ್ನು ಪೂರ್ತಿ ಒತ್ತಿಹಿಡಿದು, ಕ್ಲಚ್ ಬಿಟ್ಟು ಇಂಜಿನ್ನನ್ನು ಉಸಿರುಗಟ್ಟಿಸಬೇಕು. ಏರ್ ಪೈಪನ್ನು ಅಂಗೈಯಿಂದ ಮುಚ್ಚಲು ಯಾರೂ ಹೋಗಬಾರದು, ಆ ಎಳೆತಕ್ಕೆ ಕೈಗೆ ಗಾಯವಾಗುತ್ತದೆ. ಮುಚ್ಚಿದ ವ್ಯವಸ್ಥೆ ಇರುವ ಬಸ್ಸಿನ ಪ್ರತಿ ಡ್ರೈವರಿಗೂ ಇದನ್ನು ಮೊದಲೇ ಹೇಳಿಕೊಟ್ಟಿರಬೇಕು, ಮತ್ತು ಎಣ್ಣೆಯನ್ನು ಡಿಪ್‌ಸ್ಟಿಕ್ಕಿನ ಮೇಲ್ಗೆರೆ ದಾಟಿ ಹಾಕುವ ಅಭ್ಯಾಸವನ್ನು ನಿಲ್ಲಿಸಬೇಕು. ಎಣ್ಣೆ ಹಾಕದೆಯೇ ಮಟ್ಟ ಏರುತ್ತಿದ್ದರೆ, ಡಿಪ್‌ಸ್ಟಿಕ್ಕಿನಲ್ಲಿ ಡೀಸೆಲ್ ವಾಸನೆ ಬರುತ್ತಿದ್ದರೆ, ಆ ದಿನವೇ ಬಸ್ಸನ್ನು ನಿಲ್ಲಿಸುವುದು ವಿವೇಕ.

ಸೈಲೆನ್ಸರಿನ ಹೊಗೆಯ ಮೇಲೂ ಇದರ ಪರಿಣಾಮವಿದೆ. ಬಿಎಸ್-4 (ಭಾರತ್ ಸ್ಟೇಜ್ ಹೊರಸೂಸುವಿಕೆ ಮಾನದಂಡದ ನಾಲ್ಕನೆಯ ಹಂತ)ಕ್ಕಿಂತ ಹಿಂದಿನ ಡೀಸೆಲ್ ವಾಹನಗಳಿಗೆ ಹೊಗೆಯ ಮಿತಿ, ಹೊಗೆಯ ದಟ್ಟಣೆಯನ್ನು ಅಳೆಯುವ ಹಾರ್ಟ್ರಿಜ್ ಘಟಕದಲ್ಲಿ, 65, ಬಿಎಸ್-4 ವಾಹನಗಳಿಗೆ 50. ಮಿತಿಯ ಅಂಚಿನಲ್ಲೇ ಪಾಸಾಗುತ್ತಿರುವ ಸವೆದ ಇಂಜಿನ್ನಿಗೆ ಮುಚ್ಚಿದ ವ್ಯವಸ್ಥೆ ಹಾಕಿದರೆ, ಸುಡುವ ಎಣ್ಣೆಯ ಪಾಲು ಸೇರಿ ಮುಂದಿನ ತಪಾಸಣೆಯಲ್ಲಿ ಅದು ಅನುತ್ತೀರ್ಣವಾಗಬಹುದು. ಎಂಟು ವರ್ಷ ದಾಟಿದ ಬಸ್ಸಿಗೆ ಎಫ್‌ಸಿ (ವಾಹನದ ಯೋಗ್ಯತಾ ಪ್ರಮಾಣಪತ್ರದ ತಪಾಸಣೆ) ಪ್ರತಿ ವರ್ಷವೂ ಬರುವುದರಿಂದ ಇದನ್ನು ಮೊದಲೇ ಯೋಚಿಸಿರಬೇಕು.

ಯಾವ ಬಸ್ಸಿಗೆ ಯಾವುದು

ಅಳತೆಯಲ್ಲಿ ಇಂಜಿನ್ ಮಿತಿಯೊಳಗಿದ್ದು, ಅದು ಡ್ರೈವರಿನ ಪಕ್ಕದಲ್ಲೇ ಇದ್ದು, ಬಸ್ಸು ಮಕ್ಕಳನ್ನು ಒಯ್ಯುವುದಾದರೆ, ರೆಗ್ಯುಲೇಟರ್ ಮತ್ತು ಕೋಲೆಸಿಂಗ್ ಫಿಲ್ಟರ್ ಎರಡೂ ಇರುವ ಮುಚ್ಚಿದ ವ್ಯವಸ್ಥೆಗೆ ಹಣ ಹಾಕುವುದು ಯೋಗ್ಯ ಎನ್ನುತ್ತೇನೆ. ಇತ್ತೀಚೆಗೆ ಲೈನರ್, ಪಿಸ್ಟನ್ ಬದಲಿಸಿದ ಇಂಜಿನ್ನಾದರೆ ಹೊಸ ರಿಂಗುಗಳು ಹೊಂದಿಕೊಳ್ಳುವವರೆಗೆ ಕಾದು, ಮತ್ತೆ ಅಳೆದು, ಆಮೇಲೆ ಕೂರಿಸಬೇಕು. ಸಣ್ಣ ಓಟದ ಬಸ್ಸಿನಲ್ಲಿ ಫಿಲ್ಟರಿನೊಳಗೆ ನೀರು ಹೆಚ್ಚು ಸೇರುವುದರಿಂದ ಅದರ ಅವಧಿಯನ್ನು ತಯಾರಕರು ಹೇಳಿದ್ದಕ್ಕಿಂತ ಕಡಿಮೆ ಎಂದೇ ಎಣಿಸಬೇಕು.

ಇಂಜಿನ್ ಸವೆದಿದೆ, ಆದರೆ ಹಾಫ್ ಇಂಜಿನ್ ಕೆಲಸಕ್ಕೆ ಇನ್ನೊಂದು ವರ್ಷ ಕಾಯಲೇಬೇಕು ಎನ್ನುವವರಿಗೆ ಎರಡನೆಯ ದಾರಿಯೇ ಸುರಕ್ಷಿತ. ದೊಡ್ಡ ಗಾತ್ರದ ಎಣ್ಣೆ ಡಬ್ಬಿ, ಅದರಿಂದ ಬಸ್ಸಿನ ಹಿಂಬದಿಗೆ ಛಾಸಿಯ ಗುಂಟ ಎಳೆದ ಅಗಲ ಬಾಯಿಯ ಪೈಪು, ಹರಿದ ಬಾನೆಟ್ ರಬ್ಬರಿನ ಬದಲಾವಣೆ, ಇಷ್ಟರಿಂದಲೇ ಡ್ರೈವರಿನ ಬಳಿಯ ಹೊಗೆ ಬಹುಪಾಲು ಕಡಿಮೆಯಾಗುತ್ತದೆ. ಪೈಪು ಉದ್ದವಾದಷ್ಟೂ ಅಡ್ಡಿ ಹೆಚ್ಚುವುದರಿಂದ ಅದರ ಒಳಗಾತ್ರ ಮೂಲ ಪೈಪಿಗಿಂತ ದೊಡ್ಡದಿರಬೇಕು, ಎಲ್ಲಿಯೂ ನೀರು ನಿಲ್ಲುವಂಥ ತಗ್ಗು ಇರಬಾರದು, ಸೈಲೆನ್ಸರಿನ ಹತ್ತಿರ ಹಾಯಬಾರದು. ಇಂಥ ಇಂಜಿನ್ನಿಗೆ ಮುಚ್ಚಿದ ವ್ಯವಸ್ಥೆ ಹಾಕಿಕೊಡುತ್ತೇವೆ ಎನ್ನುವವರ ಮಾತನ್ನು ಕೇಳಬಾರದು.

ಇಂಜಿನ್ ಹಿಂಬದಿಯಲ್ಲಿರುವ ಬಸ್ಸಿಗೆ, ಅಥವಾ ದಿನವೂ ಕೈ ಹಚ್ಚಿ ನೋಡಿಕೊಳ್ಳುವವರು ಯಾರೂ ಇಲ್ಲದ ಬಸ್ಸಿಗೆ, ಶುಚಿಯಾಗಿಟ್ಟ ಮೂಲ ಬ್ರೀದರೇ ಸಾಕು. ಬದಲಿಸದೆ ಬಿಟ್ಟ ಒಳ್ಳೆಯ ಫಿಲ್ಟರಿಗಿಂತ ತೊಳೆದಿಟ್ಟ ಸಾಮಾನ್ಯ ಜಾಲರಿ ಇಂಜಿನ್ನಿಗೆ ಹೆಚ್ಚು ಉಪಕಾರಿ.

ಮೂರರಲ್ಲಿ ಯಾವುದನ್ನೇ ಆರಿಸಿದರೂ ಹೋಸಿನ ವಿಷಯದಲ್ಲಿ ಉಳಿತಾಯ ಮಾಡಬಾರದು. ಗ್ಯಾರೇಜಿನಲ್ಲಿ ಕೈಗೆ ಸಿಗುವ ರೇಡಿಯೇಟರ್ ಹೋಸ್ ಸಾಮಾನ್ಯವಾಗಿ ಇಪಿಡಿಎಂ ರಬ್ಬರಿನದಾಗಿದ್ದು, ನೀರಿಗೆ ಒಳ್ಳೆಯದಾದರೂ ಎಣ್ಣೆ ತಾಗಿದರೆ ಊದಿಕೊಂಡು ಒಳಪದರ ಕಳಚಿ ದಾರಿಯನ್ನೇ ಮುಚ್ಚುತ್ತದೆ. ನೈಟ್ರೈಲ್ ರಬ್ಬರಿನ ಎಣ್ಣೆ ಹೋಸನ್ನೇ ಕೇಳಿ ಪಡೆಯಬೇಕು. ಆಯುಧಪೂಜೆಗೆ ಬಸ್ಸನ್ನು ಪ್ರೆಷರ್ ಪಂಪಿನಿಂದ ತೊಳೆಸುವಾಗ ಬ್ರೀದರಿನ ಬಾಯಿಗೆ ಪ್ಲಾಸ್ಟಿಕ್ ಕಟ್ಟಿ ನೀರು ಹೋಗದಂತೆ ನೋಡಿಕೊಳ್ಳಬೇಕು, ಮತ್ತು ನಿಂಬೆಹಣ್ಣಿನ ಮೇಲೆ ಗಾಲಿ ಹಾಯಿಸುವ ಮೊದಲು, ಅಂದರೆ ಇಂಜಿನ್ ಚಾಲೂ ಮಾಡುವುದಕ್ಕೆ ಮುಂಚೆಯೇ, ಆ ಪ್ಲಾಸ್ಟಿಕ್ಕನ್ನು ತೆಗೆದಿರಬೇಕು. ಹೊಸ ವ್ಯವಸ್ಥೆ ಕೂರಿಸಿದ ದಿನ ಅದೇ ಏರಿನಲ್ಲಿ ಮತ್ತೊಮ್ಮೆ ಮ್ಯಾನೋಮೀಟರ್ ಹಿಡಿದು, ಬಂದ ಅಳತೆಯನ್ನು ದಿನಾಂಕ ಮತ್ತು ಕಿಲೋಮೀಟರಿನೊಂದಿಗೆ ಬಾನೆಟ್ಟಿನ ಒಳಬದಿಯಲ್ಲಿ ಪೇಂಟಿನಿಂದ ಬರೆಸಿಟ್ಟರೆ, ಮುಂದಿನ ಸಲ ಆ ಬಸ್ಸನ್ನು ಯಾವ ಮೆಕ್ಯಾನಿಕ್ ಮುಟ್ಟಿದರೂ ಎಲ್ಲಿಂದ ಹೋಲಿಸಬೇಕೆಂದು ಅವನಿಗೆ ತಿಳಿಯುತ್ತದೆ.